ಬೆಕ್ಕು–ಇಲಿ ಕಾರ್ಟೂನಿನಲ್ಲಿ ಮನುಷ್ಯರನ್ನು ಹುಡುಕುವ ಬಗೆ: ತರಗತಿಗೊಂದು ಕೈಪಿಡಿ

ಹಳೆಯ ಹೊಡೆದಾಟದ ಕಾರ್ಟೂನುಗಳಲ್ಲಿ ಜನರನ್ನು ಹೇಗೆ ಚಿತ್ರಿಸಿದ್ದಾರೆ ಎಂದು ಮಕ್ಕಳ ಜೊತೆ ಚರ್ಚಿಸುವ ತರಗತಿ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೆಡುತ್ತದೆ. ಮೇಷ್ಟ್ರು ಮೊದಲೇ ‘ಇದು ಜನಾಂಗೀಯ ನಿಂದನೆಯ ಚಿತ್ರ’ ಎಂದು ಹೇಳಿಬಿಟ್ಟರೆ ಮಕ್ಕಳು ನಗುವುದಕ್ಕೇ ಹೆದರಿ ಕೂರುತ್ತಾರೆ. ಏನೂ ಹೇಳದೆ ಅರ್ಧ ಗಂಟೆ ಚಿತ್ರ ಓಡಿಸಿದರೆ ಕೊನೆಗೆ ಉಳಿಯುವುದು ‘ಜೆರ್ರಿ ಭಾರಿ ಚುರುಕು ಸರ್’ ಎಂಬ ಒಂದು ಮಾತು. ಇಲ್ಲಿ ಕೊಟ್ಟಿರುವ ಕ್ರಮ ಮಂಗಳೂರು–ಉಡುಪಿಯ ಹೈಸ್ಕೂಲು, ಪಿಯು ಕಾಲೇಜು, ಬೇಸಿಗೆ ಶಿಬಿರಗಳಿಗೆ ಹೊಂದುವಂಥದ್ದು. ಎಂಟನೇ ತರಗತಿಗಿಂತ ಕೆಳಗಿನವರಿಗೆ ಬೇಡ. ಬೇಕಾಗುವ ಸಮಯ ಎರಡು ಪಿರಿಯಡ್, ಅಂದರೆ ತೊಂಬತ್ತು ನಿಮಿಷ. ಮೂವತ್ತು ಮಕ್ಕಳಿದ್ದರೆ ಐದೈದು ಮಂದಿಯ ಆರು ಗುಂಪು ಮಾಡಿ. ನೋಡುವ ಚಿತ್ರ ಒಂದೇ, ಏಳು ನಿಮಿಷದ್ದು. ಅದನ್ನೇ ಮೂರು ಸಲ ನೋಡುವುದು.

ಇಂಥ ಚಿತ್ರಗಳಲ್ಲಿ ಎಲ್ಲರಿಗೂ ಪೆಟ್ಟು ಬೀಳುತ್ತದೆ. ಹಾಗಾಗಿ ಪೆಟ್ಟು ಯಾರಿಗೆ ಬಿತ್ತು ಎಂದು ಲೆಕ್ಕ ಹಾಕಿದರೆ ಏನೂ ಸಿಗುವುದಿಲ್ಲ. ಯಾರ ಮುಖ ತೋರಿಸಿದ್ದಾರೆ, ಯಾರ ಮಾತಿನ ಧಾಟಿಯನ್ನೇ ನಗೆಯಾಗಿಸಿದ್ದಾರೆ, ಯಾರ ಮೈಯನ್ನು ಎರವಲು ಪಡೆದು ನಗಿಸುತ್ತಿದ್ದಾರೆ ಎಂಬ ಮೂರನ್ನೇ ಹಿಡಿದು ನೋಡಬೇಕು.

ಚಿತ್ರ ಆರಿಸುವುದು

ಮೊದಲ ಸಲಕ್ಕೆ ‘ಟಾಮ್ ಆ್ಯಂಡ್ ಜೆರ್ರಿ’ ಸರಣಿಯೇ ಒಳ್ಳೆಯದು. ನಮ್ಮಲ್ಲಿ ಅದನ್ನು ನೋಡದ ಮಗು ಇಲ್ಲ, ಪರಿಚಯಕ್ಕೆ ಸಮಯ ಹೋಗುವುದಿಲ್ಲ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೋದಲ್ಲಿ 1940ರಿಂದ 1958ರವರೆಗೆ ಮಾಡಿದ 114 ಚಿತ್ರಗಳಿವೆ. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂದಿದೆ. (ಉಡುಪಿಯ ಮಕ್ಕಳು ಎಂಜಿಎಂ ಅಂದ ಕೂಡಲೇ ಕಾಲೇಜನ್ನು ನೆನೆಯುತ್ತಾರೆ. ಇದು ಹಾಲಿವುಡ್ಡಿನ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಎಂದು ಮೊದಲೇ ಹೇಳಿಬಿಡಿ.)

ಆ 114ರಲ್ಲಿ ಪಾಠಕ್ಕೆ ಹೆಚ್ಚು ಒದಗುವುದು 1950ರ ‘ಸ್ಯಾಟರ್ಡೇ ಈವ್ನಿಂಗ್ ಪುಸ್’. ಶನಿವಾರ ಸಂಜೆ ಮನೆಯ ಹೆಂಗಸು ಸಿಂಗರಿಸಿಕೊಂಡು ಇಸ್ಪೀಟಾಟಕ್ಕೆ ಹೊರಡುತ್ತಾಳೆ. ಟಾಮ್ ಬೀದಿ ಬೆಕ್ಕುಗಳನ್ನು ಕರೆಸಿ ಜೋರು ಜಾಜ್ ಸಂಗೀತ ಹಾಕುತ್ತಾನೆ. ನಿದ್ದೆಗೆಟ್ಟ ಜೆರ್ರಿ ಕೊನೆಗೆ ಅವಳಿಗೆ ಫೋನು ಮಾಡುತ್ತಾನೆ. ಆ ಹೆಂಗಸೇ ನೋಡುಗರ ನಡುವೆ ಮ್ಯಾಮಿ ಟೂ ಶೂಸ್ ಎಂದು ಹೆಸರಾದ ಆಫ್ರಿಕನ್ ಅಮೆರಿಕನ್ ಮನೆಗೆಲಸದಾಕೆ. 1940ರ ಫೆಬ್ರವರಿಯಲ್ಲಿ ಬಂದ ಸರಣಿಯ ಮೊದಲ ಚಿತ್ರ ‘ಪುಸ್ ಗೆಟ್ಸ್ ದ ಬೂಟ್’ನಲ್ಲೇ ಅವಳಿದ್ದಾಳೆ. ಅದೇ ತಿಂಗಳ ಕೊನೆಗೆ ನಟಿ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆಸ್ಕರ್ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರು, ಸಿಕ್ಕಿದ್ದು ‘ಗಾನ್ ವಿತ್ ದ ವಿಂಡ್’ ಸಿನಿಮಾದ ಮ್ಯಾಮಿ ಎಂಬ ದಾಸಿಯ ಪಾತ್ರಕ್ಕೆ. ಹಾಲಿವುಡ್ಡಿನಲ್ಲಿ ಕಪ್ಪು ಹೆಂಗಸಿಗೆ ತೆರೆದಿದ್ದ ಬಾಗಿಲು ಎಷ್ಟು ಅಗಲದ್ದು ಎಂದು ಈ ಎರಡು ತಾರೀಕುಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಗೊತ್ತಾಗುತ್ತದೆ.

ಕೆಲವನ್ನು ಮೊದಲ ತರಗತಿಗೆ ತರಲೇಬೇಡಿ. 1951ರ ‘ಹಿಸ್ ಮೌಸ್ ಫ್ರೈಡೇ’ಯಲ್ಲಿ ಜೆರ್ರಿ ಮುಖಕ್ಕೆ ಮಸಿ ಬಳಿದುಕೊಂಡು ನರಭಕ್ಷಕನ ವೇಷ ಹಾಕುತ್ತಾನೆ. 1948ರ ‘ಮೌಸ್ ಕ್ಲೀನಿಂಗ್’ನ ಕೊನೆಯಲ್ಲಿ ಕಲ್ಲಿದ್ದಲಿನಲ್ಲಿ ಮುಳುಗೆದ್ದ ಟಾಮ್ ಕಪ್ಪು ಮನುಷ್ಯನಂತೆ ಎಳೆದೆಳೆದು ಮಾತಾಡಿ ಪಾರಾಗಲು ನೋಡುತ್ತಾನೆ. ಇವನ್ನು ತೋರಿಸಿದರೆ ಮಕ್ಕಳಿಗೆ ಹುಡುಕಲು ಏನೂ ಉಳಿಯುವುದಿಲ್ಲ, ‘ಛೆ’ ಎಂದು ಮುಗಿಸುತ್ತಾರೆ. ಸುಲಭವಾಗಿ ಕಣ್ಣಿಗೆ ಬೀಳದಿರುವುದನ್ನು ಕಂಡುಹಿಡಿಯುವ ಅಭ್ಯಾಸ ಬೇಕಾದರೆ ಮೇಲುನೋಟಕ್ಕೆ ನಿರುಪದ್ರವಿಯಾದ ಚಿತ್ರವೇ ಬೇಕು.

ಪ್ರತಿ ಪರೀಕ್ಷಿಸುವುದು

ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಕೈಗೆ ಸಿಗುವ ಪ್ರತಿಗಳು ಒಂದೇ ತೆರನಾಗಿಲ್ಲ. 1960ರ ದಶಕದಲ್ಲಿ ಅಮೆರಿಕದ ಟಿವಿಗಾಗಿ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ತಂಡ ಕೆಲವು ಚಿತ್ರಗಳಲ್ಲಿ ಮ್ಯಾಮಿಯನ್ನು ಅಳಿಸಿ ಬಿಳಿಯ ಹೆಂಗಸನ್ನು ಬರೆದು ಸೇರಿಸಿತು, ದನಿಯನ್ನೂ ಬದಲಿಸಿತು. ‘ಸ್ಯಾಟರ್ಡೇ ಈವ್ನಿಂಗ್ ಪುಸ್’ನಲ್ಲಿ ಆ ಜಾಗಕ್ಕೆ ತೆಳ್ಳಗಿನ ಯುವತಿ ಬಂದಳು. 1990ರ ದಶಕದಲ್ಲಿ ಮೂಲಚಿತ್ರವನ್ನು ಉಳಿಸಿ ದನಿ ಮಾತ್ರ ಹೊಸದಾಗಿ ಹಾಕಿದ ಪ್ರತಿಗಳೂ ಬಂದವು. ಮೂಲದಲ್ಲಿ ದನಿ ಕೊಟ್ಟವರು ಲಿಲಿಯನ್ ರ‍್ಯಾಂಡಾಲ್ಫ್, ಅವರ ಹೆಸರು ಪರದೆಯ ಮೇಲೆ ಬರುವುದಿಲ್ಲ. ನಿಮ್ಮ ಪ್ರತಿ ಯಾವುದು ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಕತ್ತರಿ ಆಡಿಸಿದ ಪ್ರತಿಯನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ಸ್ಕಾಟ್ ಬ್ರಾಡ್ಲಿಯ ಸಂಗೀತ ಚಿತ್ರದ ಮೊದಲಿನಿಂದ ಕೊನೆಯವರೆಗೆ ಪ್ರತಿ ಹೆಜ್ಜೆಗೂ ಅಂಟಿಕೊಂಡು ಓಡುತ್ತದೆ. ಎರಡು ಸೆಕೆಂಡು ತೆಗೆದರೂ ಅಲ್ಲಿ ತಾಳ ಮುಗ್ಗರಿಸುತ್ತದೆ. ಹೆಡ್‌ಫೋನ್ ಹಾಕಿ ಒಮ್ಮೆ ಕೇಳಿ. ಸ್ಫೋಟವಾಯಿತು, ಹೊಗೆ ಎದ್ದಿತು, ತಟ್ಟನೆ ಬೇರೆ ಕೋಣೆ, ನಡುವೆ ಸಂಗೀತಕ್ಕೆ ಕೊಂಡಿಯೇ ಇಲ್ಲ ಎಂದರೆ ಅಲ್ಲೊಂದು ಮಸಿಮುಖದ ನಗೆ ಇತ್ತು ಎಂದು ಊಹಿಸಲು ಅಡ್ಡಿಯಿಲ್ಲ.

ಇನ್ನೊಂದು ತೊಂದರೆ ಟಿವಿಯ ಸೆಟ್ಟಿಂಗಿನದು. 1954ಕ್ಕಿಂತ ಹಿಂದಿನ ಈ ಚಿತ್ರಗಳೆಲ್ಲ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಚೌಕಟ್ಟಿನವು, ಅಗಲ ಪರದೆಯ ಸಿನೆಮಾಸ್ಕೋಪ್ ಬಂದದ್ದು ಆ ವರ್ಷದ ‘ಪೆಟ್ ಪೀವ್’ನಿಂದ. ಸ್ಮಾರ್ಟ್ ಟಿವಿ ಅಥವಾ ಪ್ರೊಜೆಕ್ಟರು ‘ಝೂಮ್’ನಲ್ಲಿದ್ದರೆ ಚಿತ್ರದ ಮೇಲೂ ಕೆಳಗೂ ಕತ್ತರಿಸಿಹೋಗುತ್ತದೆ. ಯಾರ ತಲೆ ಕಾಣುವುದಿಲ್ಲ ಎಂದು ಕೇಳುವ ಪಾಠದಲ್ಲಿ ತಲೆಯನ್ನು ಟಿವಿಯೇ ಕತ್ತರಿಸಿದರೆ ಪಾಠ ಅಲ್ಲಿಗೇ ಮುಗಿಯಿತು. ಎಡಬಲಗಳಲ್ಲಿ ಕಪ್ಪು ಪಟ್ಟಿ ಬರಬೇಕು, ಅದೇ ಸರಿ.

ಕೃತಿಸ್ವಾಮ್ಯದ ವಿಷಯ: 1957ರ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಹೆತ್ತವರು–ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಪ್ರೇಕ್ಷಕರಿರುವಾಗ ಚಲನಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಟಿಕೆಟ್ ಇಟ್ಟು ಊರವರನ್ನೆಲ್ಲ ಕರೆಯುವ ಪ್ರದರ್ಶನ ಅದರೊಳಗೆ ಬರುವುದಿಲ್ಲ.

ಕೋಣೆ

ಹಂಚಿನ ಮಾಡಿನ ಹಳೆಯ ಶಾಲೆಯಾದರೆ ಕಿಟಕಿ ಮುಚ್ಚಿದರೆ ಸಾಲದು, ಮಾಡಿನ ಗಾಜಿನ ಹಂಚಿನಿಂದ ಬೀಳುವ ಬೆಳಕು ಪರದೆಯನ್ನು ತೊಳೆದುಬಿಡುತ್ತದೆ. ಒಳಗಿನಿಂದ ರಟ್ಟು ಕಟ್ಟಿ. ಜೂನ್–ಜುಲೈ ಬೇಡವೇ ಬೇಡ. ತಗಡಿನ ಮಾಡಿಗೆ ಮಳೆ ಹೊಡೆಯುವಾಗ ಮಾತಿನ ಧಾಟಿ ಕೇಳಿಸುವುದಿಲ್ಲ, ಕರೆಂಟನ್ನೂ ನಂಬುವಂತಿಲ್ಲ. ಲ್ಯಾಪ್‌ಟಾಪಿನದೇ ಸ್ಪೀಕರು ಸಾಲದು, ಪ್ರತ್ಯೇಕ ಸ್ಪೀಕರು ಪರದೆಯ ಪಕ್ಕದಲ್ಲಿರಲಿ. ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದಂತೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ, ‘ಎಂ’ ಒತ್ತಿದರೆ ದನಿ ನಿಲ್ಲುತ್ತದೆ. ಈ ಎರಡು ಕೀಲಿ ಗೊತ್ತಿದ್ದರೆ ಸಾಕು.

ಮೂರು ನೋಟ

ಮೊದಲ ಸಲ ಎಡೆಬಿಡದೆ ತೋರಿಸಿ. ಪೀಠಿಕೆಯಾಗಿ ಒಂದೇ ವಾಕ್ಯ: ‘ಇದು ಎಪ್ಪತ್ತೈದು ವರ್ಷ ಹಳೆಯದು, ನಗು ಬಂದಲ್ಲಿ ನಗಿ, ಎಲ್ಲಿ ನಕ್ಕಿರಿ ಎಂದು ನೆನಪಿಡಿ.’ ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ನಕ್ಕ ಎರಡು ಜಾಗ ಬರೆದಿಡಲಿ. ಈ ಚೀಟಿ ಕೊನೆಗೆ ಬೇಕಾಗುತ್ತದೆ. ಬರೆಸದೆ ಬಾಯಲ್ಲಿ ಕೇಳಿದರೆ, ಚರ್ಚೆಯಾದ ಮೇಲೆ ‘ನಾನು ನಗಲೇ ಇಲ್ಲ’ ಎನ್ನುವವರೇ ಹೆಚ್ಚು.

ಎರಡನೇ ಸಲ ದನಿ ಇಲ್ಲದೆ. ಈಗ ಗುಂಪುಗಳಿಗೆ ಕೆಲಸ ಹಂಚಿ. ಎರಡು ಗುಂಪು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮ್ಯಾಮಿ ಪರದೆಯ ಮೇಲೆ ಎಷ್ಟು ಹೊತ್ತು ಇದ್ದಾಳೆ, ಅದರಲ್ಲಿ ಮುಖ ಎಷ್ಟು ಹೊತ್ತು ಕಾಣುತ್ತದೆ ಎಂದು ಅಳೆಯಲಿ. ಎರಡು ಗುಂಪು ಅವಳ ಸುತ್ತಲಿನ ವಸ್ತುಗಳನ್ನು ಬರೆಯಲಿ: ಚಪ್ಪಲಿ, ಕಾಲುಚೀಲ, ಆಭರಣ, ಪೊರಕೆ ಇದೆಯೋ ಇಲ್ಲವೋ. ಉಳಿದೆರಡು ಗುಂಪು ಬೆಕ್ಕುಗಳ ನಡಿಗೆ, ಉಡುಪು, ಕೈ ನೋಡಲಿ.

ಇಲ್ಲಿ ಒಂದು ವಾದ ಖಂಡಿತ ಬರುತ್ತದೆ: ‘ಕ್ಯಾಮೆರಾ ಬೆಕ್ಕಿನ ಎತ್ತರದಲ್ಲಿದೆ ಸರ್, ಅದಕ್ಕೇ ಕಾಲು ಮಾತ್ರ ಕಾಣುವುದು.’ ಒಳ್ಳೆಯ ವಾದ, ಅರ್ಧ ಸತ್ಯವೂ ಹೌದು. ಅಲ್ಲಗಳೆಯಬೇಡಿ, 1956ರ ‘ಬ್ಯುಸಿ ಬಡ್ಡೀಸ್’ನ ಅರ್ಧ ನಿಮಿಷ ತೋರಿಸಿ. ಮಗು ನೋಡಿಕೊಳ್ಳಲು ಬಂದ ಬಿಳಿಯ ಹುಡುಗಿ ಜೀನಿ ಫೋನಿನಲ್ಲಿ ಹರಟುತ್ತಾಳೆ, ಮುಖ ಪೂರ್ತಿ ಕಾಣುತ್ತದೆ. ಬೆಕ್ಕಿನ ಎತ್ತರ ಬದಲಾಗಿಲ್ಲವಲ್ಲ, ಮತ್ತೇನು ಬದಲಾಯಿತು ಎಂದು ಕೇಳಿ ಸುಮ್ಮನಿರಿ. ‘ಸ್ಯಾಟರ್ಡೇ ಈವ್ನಿಂಗ್ ಪುಸ್’ನಲ್ಲೂ ಮ್ಯಾಮಿ ಮನೆಗೆ ಓಡಿಬರುವಾಗ ಕ್ಷಣಮಾತ್ರ ಅವಳ ಮುಖ ಕಾಣಿಸುತ್ತದೆ. ಅದು ಸಿಗಬೇಕಾದರೆ ಚೌಕಟ್ಟು ಚೌಕಟ್ಟಾಗಿ ಹೋಗಬೇಕು. ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟು. ಕಂಡುಹಿಡಿದ ಗುಂಪಿಗೆ ಅಂದಿನ ಹೀರೋ ಪಟ್ಟ.

ಮೂರನೇ ಸಲ ಪ್ರೊಜೆಕ್ಟರಿನ ಮುಂದೆ ಪುಸ್ತಕ ಅಡ್ಡ ಹಿಡಿದು ದನಿ ಮಾತ್ರ ಕೇಳಿಸಿ. ಮಾತಾಡುವವರು ಯಾರು, ಮಾತಿಲ್ಲದವರು ಯಾರು? ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಕೇಳಬೇಕಾದದ್ದು ಧಾಟಿ. ಮಕ್ಕಳಿಗೆ ಹಿಡಿತ ಸಿಗದಿದ್ದರೆ ಕನ್ನಡ ಸಿನಿಮಾಗಳಲ್ಲಿ ಮಂಗಳೂರಿನವರ ಮಾತನ್ನು ಹೇಗೆ ಆಡಿಸುತ್ತಾರೆ ಎಂದು ಕೇಳಿ. ‘ಎಂತ ಮಾರಾಯ’, ‘ಬನ್ನಿ ಕುಳಿತುಕೊಳ್ಳಿ’ ಎಂದು ಎಳೆದು ಹೇಳುವ ಹೋಟೆಲ್ ಮಾಣಿಯೋ ಭಟ್ಟರೋ ಎಲ್ಲರಿಗೂ ನೆನಪಿಗೆ ಬರುತ್ತಾರೆ. ಮಾತಿನಲ್ಲಿ ಜೋಕೇ ಇಲ್ಲದಿದ್ದರೂ ಥಿಯೇಟರು ನಗುತ್ತದೆ, ಯಾಕೆಂದರೆ ಧಾಟಿಯೇ ಜೋಕು. ತಮ್ಮ ಮೇಲೆ ಆದದ್ದನ್ನು ಗುರುತಿಸಿದ ಮಗುವಿಗೆ ಲಿಲಿಯನ್ ರ‍್ಯಾಂಡಾಲ್ಫ್ ದನಿಯಲ್ಲಿ ಏನನ್ನು ಮಾರುತ್ತಿದ್ದರು ಎಂಬುದು ಬೇಗ ತಿಳಿಯುತ್ತದೆ. ಆಮೇಲೆ ಮುಂದಿನ ಪ್ರಶ್ನೆ: ನಾವು ಯಾರ ಕನ್ನಡ ಆಡಿ ತೋರಿಸಿ ನಗುತ್ತೇವೆ? ಘಟ್ಟದವರದ್ದು, ಬ್ಯಾರಿಗಳದ್ದು, ಪೊರ್ಬುಗಳದ್ದು (ಕೊಂಕಣಿ ಕ್ರೈಸ್ತರದ್ದು), ಕಾಸರಗೋಡಿನ ಮಲಯಾಳಿಗಳದ್ದು. ತುಳು ನಾಟಕದ ಹಾಸ್ಯ ಇವಿಲ್ಲದೆ ಎಷ್ಟು ಹೊತ್ತು ನಡೆದೀತು ಎಂದು ಮಕ್ಕಳೇ ಲೆಕ್ಕ ಹಾಕಲಿ. ಆಡಿ ತೋರಿಸಲು ಮಾತ್ರ ಬಿಡಬೇಡಿ. ಒಬ್ಬ ಶುರುಮಾಡಿದರೆ ಹತ್ತು ನಿಮಿಷ ಮಿಮಿಕ್ರಿ ಸ್ಪರ್ಧೆ ನಡೆದು ತರಗತಿ ಕೈಬಿಟ್ಟುಹೋಗುತ್ತದೆ.

ಮಸಿ ಯಾವಾಗ ಬರೀ ಮಸಿ

ಸ್ಫೋಟವಾದ ಮೇಲೆ ಮುಖ ಕಪ್ಪಾಗುವ ನಗೆ ಆ ಕಾಲದ ಕಾರ್ಟೂನುಗಳಲ್ಲಿ ತುಂಬ. ಎಲ್ಲವೂ ನಿಂದನೆಯಲ್ಲ, ಪಟಾಕಿ ಸಿಡಿದರೆ ಯಾರ ಮುಖವೂ ಕಪ್ಪಾಗುತ್ತದೆ. ಬೇರ್ಪಡಿಸಲು ನಾಲ್ಕು ಗುರುತು ನೋಡಿ: ತುಟಿ ದಪ್ಪಗೆ, ತಿಳಿಬಣ್ಣದ್ದಾಗಿದೆಯೇ, ತಲೆಯ ಮೇಲೆ ಸಣ್ಣ ಸಣ್ಣ ಜುಟ್ಟು ಎದ್ದಿದೆಯೇ, ದನಿ ಬದಲಾಗಿದೆಯೇ, ಹಿನ್ನೆಲೆಯಲ್ಲಿ ಆ ಕ್ಷಣಕ್ಕೆ ಅಮೆರಿಕದ ದಕ್ಷಿಣ ಸಂಸ್ಥಾನಗಳ ತೋಟದ ಹಾಡಿನ ರಾಗ ನುಸುಳಿದೆಯೇ. ಎರಡು ಇದ್ದರೆ ಅದು ಮಿನ್‌ಸ್ಟ್ರೆಲ್ ವೇಷ. ಇಲ್ಲಿ ‘ದಕ್ಷಿಣ’ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗ, ಹಿಂದೆ ಗುಲಾಮರಿದ್ದ ರಾಜ್ಯಗಳು. ನಕಾಶೆ ತೋರಿಸದಿದ್ದರೆ ಮಕ್ಕಳು ಬ್ರೆಜಿಲಿಗೆ ಹೋಗುತ್ತಾರೆ.

ಮಿನ್‌ಸ್ಟ್ರೆಲ್ ಆಟದ ಪರಿಚಯ ಐದು ನಿಮಿಷ ಸಾಕು. 1830ರ ದಶಕದಿಂದ ಬಿಳಿಯ ನಟರು ಸುಟ್ಟ ಬಿರಡೆಯ ಮಸಿ ಬಳಿದು, ಬಾಯಿ ಅಗಲ ಮಾಡಿ, ಬಿಳಿ ಕೈಗವಸು ಹಾಕಿ ಗುಲಾಮರನ್ನು ಅಣಕಿಸಿ ಹಾಡಿ ಕುಣಿದ ರಂಗಪ್ರಕಾರ. ಅಲ್ಲಿನ ಜಿಮ್ ಕ್ರೋ ಎಂಬ ವೇಷದ ಹೆಸರೇ ಮುಂದೆ ಜನಾಂಗ ಪ್ರತ್ಯೇಕತೆಯ ಕಾನೂನುಗಳಿಗೆ ಅಂಟಿಕೊಂಡಿತು. ಮಿಕ್ಕಿ ಮೌಸಿನ ಬಿಳಿ ಕೈಗವಸು ಅಲ್ಲಿಂದಲೇ ಬಂತೇ ಎಂದು ಕೇಳುವವರಿರುತ್ತಾರೆ. ಕಪ್ಪು–ಬಿಳುಪು ಚಿತ್ರದಲ್ಲಿ ಕಪ್ಪು ಮೈಯ ಮುಂದೆ ಕಪ್ಪು ಬೆರಳು ಕಾಣಿಸಲು ಗವಸು ಬೇಕಿತ್ತು ಎಂಬುದು ನಿಜ. ಆಗಿನ ನೋಡುಗನಿಗೆ ಆ ಗವಸು ಎಲ್ಲಿಯದೆಂದು ಗೊತ್ತಿತ್ತು ಎಂಬುದೂ ನಿಜ. ಎರಡನ್ನೂ ಹೇಳಿ.

ಈಗ ಬೋರ್ಡಿನ ಮೇಲೆ ಟಾಮ್‌ಗೆ ಆಗುವ ಗಾಯಗಳ ಪಟ್ಟಿ ಮಾಡಿಸಿ. ಚಪ್ಪಟೆಯಾಗುವುದು, ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಳ್ಳುವುದು, ಹಲ್ಲು ಉದುರುವುದು, ಬಾಲಕ್ಕೆ ಬೆಂಕಿ. ಎಲ್ಲದರ ನಿಯಮ ಒಂದೇ: ಮುಂದಿನ ದೃಶ್ಯದಲ್ಲಿ ಮೈ ಸರಿಹೋಗಿರುತ್ತದೆ. ಕಪ್ಪು ಮನುಷ್ಯನ ಮುಖವಾಗುವುದು ಇದೇ ಸಾಲಿನಲ್ಲಿ ಬರುತ್ತದೆ ಎಂದು ಮಕ್ಕಳು ತಾವಾಗಿ ಗಮನಿಸುವವರೆಗೆ ಕಾಯಿರಿ. ಒಂದು ಜನದ ರೂಪವನ್ನೇ ವಾಸಿಯಾಗಬೇಕಾದ ಪೆಟ್ಟು ಎಂದು ತೋರಿಸಿದ್ದಾರೆ. ನಮ್ಮ ಇಡೀ ತರಗತಿಯ ತಿರುಳು ಇಲ್ಲಿದೆ, ಹದಿನೈದು ನಿಮಿಷವಾದರೂ ಇದಕ್ಕೆ ಉಳಿಸಿಕೊಳ್ಳಿ.

ಈ ಹಂತದಲ್ಲಿ ಕರಾವಳಿಯ ಮಾತು ಬಾರದೆ ಹೋಗದು. ಮಸಿ ಬಳಿದು ಕೊರಗ ವೇಷ ಹಾಕುವ ರೂಢಿ ಇಲ್ಲಿತ್ತು, ಕೊರಗ ಸಮುದಾಯ ಅದನ್ನು ವಿರೋಧಿಸುತ್ತ ಬಂದಿದೆ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿದ ಕರ್ನಾಟಕದ 2000ನೇ ಇಸವಿಯ ಕಾಯ್ದೆ ಏನೇನನ್ನು ಅಜಲು ಎಂದು ಹೆಸರಿಸಿದೆ ಎಂದು ಓದಿಸಿ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು ಅದರಲ್ಲಿದೆ. ಕಂಬಳದ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದೂ ಇದೆ. ಕಾರ್ಟೂನಿನಲ್ಲಿ ಪ್ರಾಣಿಗೆ ಮನುಷ್ಯನ ವೇಷ, ಇಲ್ಲಿ ಮನುಷ್ಯನಿಗೆ ಪ್ರಾಣಿಯ ಪಾಡು. ಇದನ್ನು ಹೇಳುವಾಗ ತರಗತಿಯಲ್ಲಿರುವ ಯಾವ ಮಗುವಿನ ಕಡೆಗೂ ತಿರುಗಬೇಡಿ, ‘ನಿಮ್ಮವರ ಅನುಭವ ಹೇಳು’ ಎಂದು ಯಾರನ್ನೂ ಎಬ್ಬಿಸಬೇಡಿ. ತಾನಾಗಿ ಮಾತಾಡಿದರೆ ಕೇಳಿ. ಪಾಠ ಮುಗಿದ ಮೇಲೆ ಮೈಬಣ್ಣ ಕಪ್ಪಿರುವ ಸಹಪಾಠಿಗೆ ‘ಸ್ಫೋಟ’ ಎಂದು ಅಡ್ಡಹೆಸರು ಹುಟ್ಟಿಕೊಳ್ಳುವ ಅಪಾಯವೂ ಇದೆ. ಮುಂದಿನ ಎರಡು ಮೂರು ದಿನ ವರಾಂಡದಲ್ಲಿ ಕಿವಿ ತೆರೆದಿಟ್ಟುಕೊಳ್ಳಿ.

ಎಲ್ಲದಕ್ಕೂ ಒಂದೇ ತೀರ್ಪು ಬೇಡ

ಎರಡನೇ ತರಗತಿ ಮಾಡುವುದಾದರೆ ತೀರ್ಪು ಕಷ್ಟವಾಗುವ ಚಿತ್ರ ಆರಿಸಿ. 1944ರ ‘ದ ಝೂಟ್ ಕ್ಯಾಟ್’ನಲ್ಲಿ ಟಾಮ್ ಜೋಲಿಯ ಬಟ್ಟೆ ಕತ್ತರಿಸಿ ದೊಗಳೆ ಝೂಟ್ ಸೂಟು ಹೊಲಿದುಕೊಳ್ಳುತ್ತಾನೆ. ಬರೀ ಫ್ಯಾಶನ್ ಹಾಸ್ಯದಂತೆ ಕಾಣುತ್ತದೆ. ಆದರೆ 1943ರ ಜೂನಿನಲ್ಲಿ ಲಾಸ್ ಏಂಜಲೀಸಿನಲ್ಲಿ ಅಂಥದೇ ಸೂಟು ಹಾಕಿದ ಮೆಕ್ಸಿಕನ್ ಅಮೆರಿಕನ್ ಹುಡುಗರನ್ನು ಸೈನಿಕರು ಬೀದಿಯಲ್ಲಿ ಹಿಡಿದು ಬಡಿದಿದ್ದರು. ಆ ತಾರೀಕು ಗೊತ್ತಾದ ಮೇಲೆ ಮತ್ತೊಮ್ಮೆ ನೋಡಿದರೆ ಸೂಟು ಸುಮ್ಮನೆ ಸೂಟಾಗಿ ಉಳಿಯುವುದಿಲ್ಲ.

ವಾರ್ನರ್ ಸ್ಟುಡಿಯೋದ ಮೆಕ್ಸಿಕನ್ ಇಲಿ ಸ್ಪೀಡಿ ಗೊಂಜಾಲೆಸ್ ಇನ್ನೂ ಒಳ್ಳೆಯ ಜಗಳದ ವಸ್ತು. ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ 1999ರಲ್ಲಿ ಅವನನ್ನು ಅಣಕ ಎಂದು ತೆಗೆದುಹಾಕಿತು. ಮರಳಿ ತನ್ನಿ ಎಂದು ಒತ್ತಾಯಿಸಿದವರಲ್ಲಿ ಲ್ಯಾಟಿನ್ ಅಮೆರಿಕನ್ನರ ಸಂಘಟನೆಯೇ ಇತ್ತು, 2002ರಲ್ಲಿ ಅವನು ಮರಳಿದ. ಸ್ಪೀಡಿ ಚುರುಕು, ಜಾಣ, ಗೆಲ್ಲುವವನು. ಅವನ ಸುತ್ತಲಿನ ಇಲಿಗಳು ಸೋಮಾರಿಗಳು, ಕುಡುಕರು. ಒಂದೇ ಚಿತ್ರದಲ್ಲಿ ಎರಡೂ ಇರುವಾಗ ಯಾವುದು ಹೆಚ್ಚು ತೂಗುತ್ತದೆ ಎಂದು ಎರಡು ಗುಂಪು ಮಾಡಿ ವಾದಿಸಲು ಬಿಡಿ, ತೀರ್ಪು ಕೊಡಬೇಡಿ. ಹೆಣ್ಣು ಬೆಕ್ಕಿನ ಹಿಂದೆ ಬೀಳುವ ಸ್ಕಂಕ್ (ದುರ್ನಾತ ಬೀರುವ ಅಮೆರಿಕದ ಪ್ರಾಣಿ) ಪೆಪೆ ಲೆ ಪ್ಯೂವನ್ನು ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಮಹಿಳಾ ಶಿಕ್ಷಕಿಯ ಜೊತೆಯಲ್ಲಿ ನೋಡುವುದು ಮೇಲು. ಅಲ್ಲಿ ಬೇಡ ಎಂದು ಓಡುವ ಬೆಕ್ಕಿಗೆ ಮಾತೇ ಇಲ್ಲ ಎಂಬುದನ್ನು ದನಿ ಮಾತ್ರದ ನೋಟ ತಕ್ಷಣ ಹಿಡಿದುಕೊಡುತ್ತದೆ.

ಅಳಿಸುವುದೋ ಇಡುವುದೋ ಎಂಬ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಆಗ ‘ಸ್ಯಾಟರ್ಡೇ ಈವ್ನಿಂಗ್ ಪುಸ್’ನ ಎರಡೂ ಪ್ರತಿಗಳ ಮೊದಲ ನಿಮಿಷವನ್ನು ಒಂದಾದ ಮೇಲೊಂದು ತೋರಿಸಿ. ತಿದ್ದಿದ ಪ್ರತಿಯಲ್ಲಿ ಅವಮಾನ ಹೋಯಿತು, ಅದರ ಜೊತೆಗೆ ಕಪ್ಪು ಹೆಂಗಸೂ ಮನೆಯಿಂದಲೇ ಹೋದಳು. ಇನ್ನೊಂದು ದಾರಿ ಚಿತ್ರವನ್ನು ಹಾಗೇ ಇಟ್ಟು ಮುಂದೊಂದು ಮಾತು ಸೇರಿಸುವುದು. 2005ರ ಡಿವಿಡಿಯಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಅಂಥ ಪೀಠಿಕೆ ಕೊಟ್ಟಿದ್ದಾರೆ. ನಮ್ಮ ಒಲವು ಈ ಎರಡನೆಯದರ ಕಡೆಗೆ, ಆದರೆ ಐದು ವರ್ಷದ ಮಗು ಪೀಠಿಕೆ ಕೇಳಿಸಿಕೊಳ್ಳುವುದಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ.

ಮನೆಕೆಲಸ

ಎ ಫೋರ್ ಹಾಳೆಯನ್ನು ಆರು ಚೌಕ ಬರುವಂತೆ ಮಡಿಚಿ, ಸ್ಫೋಟದ ಒಂದು ನಗೆಯನ್ನು ಮಾತಿಲ್ಲದೆ ಬರೆದು ತರಲು ಹೇಳಿ. ಮೊದಲ ಎರಡು ಚೌಕ ತಯಾರಿ, ಮೂರನೆಯದು ತಡೆ, ಅಂದರೆ ಏನಾಗುತ್ತದೋ ಎಂದು ಪಾತ್ರ ಕಣ್ಣುಬಿಟ್ಟು ನಿಲ್ಲುವ ಕ್ಷಣ, ನಾಲ್ಕನೆಯದು ಸ್ಫೋಟ, ಐದನೆಯದು ಪರಿಣಾಮ, ಆರನೆಯದು ಮುಖಭಾವ. ನಿಯಮ ಒಂದೇ: ಪರಿಣಾಮ ಆ ವಸ್ತುವಿನಿಂದ ಹುಟ್ಟಬೇಕು, ಯಾವ ಜನರಿಂದಲೂ ಎರವಲು ತರಬಾರದು. ಹಲಸಿನಕಾಯಿ ಸಿಡಿದರೆ ಬೆಕ್ಕಿನ ಮೈತುಂಬ ಮುಳ್ಳು, ಮೇಣಕ್ಕೆ ಮೀಸೆ ಅಂಟಿಕೊಳ್ಳಲಿ. ಮೂರನೇ ಚೌಕವನ್ನು ಹಾರಿಸಿದವರ ಚಿತ್ರ ನಗಿಸುವುದಿಲ್ಲ, ಅವರಿಗೆ ಅದನ್ನೇ ತೋರಿಸಿ. ಟೋಪಿ, ಲುಂಗಿ, ಜುಟ್ಟು, ಶಿಲುಬೆ ಬರೆದು ತಂದರೆ ಬೈಯಬೇಡಿ. ‘ಇದನ್ನು ಅಳಿಸಿದರೆ ನಗು ಉಳಿಯುತ್ತದೆಯೇ’ ಎಂದು ಕೇಳಿ ರಬ್ಬರು ಕೊಡಿ. ಮೊದಲ ದಿನ ಬರೆದ ಚೀಟಿಗಳನ್ನು ಆಗ ಹಿಂತಿರುಗಿಸಿ, ತಾವು ನಕ್ಕ ಎರಡು ಜಾಗಕ್ಕೂ ಇದೇ ಪ್ರಶ್ನೆ ಹಾಕಿಕೊಳ್ಳಲಿ. ಚೀಟಿಗೆ ಅಂಕ ಇಲ್ಲ, ಹೆಸರೂ ಬರೆಸಬೇಡಿ.